ತಿದ್ದುವುದೋ, ಸೇರಿಸುವುದೋ?

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಇಂದಿನ ದಿನಗಳಲ್ಲಿ ಯಾವ ಕಛೇರಿಯ ಬಾಗಿಲಿಗೆ ಹೋದರೂ ಎರಡು ಉತ್ತರಗಳಲ್ಲಿ ಒಂದು ಕೇಳಿಬರುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. “ನಿಮ್ಮ ಹೆಸರು ಕಂಪ್ಯೂಟರಿನಲ್ಲಿ ಇಲ್ಲ” ಎಂಬುದು ಒಂದು. “ನಿಮ್ಮ ಹೆಸರು ಆಗಲೇ ಇದೆಯಲ್ಲ” ಎಂಬುದು ಮತ್ತೊಂದು. ಮೊದಲನೆಯದನ್ನು ಕೇಳಿದವನು ಕಣ್ಣೆದುರಿಗೆ ನಿಂತಿದ್ದರೂ ಇಲ್ಲದವನಾಗುತ್ತಾನೆ. ಎರಡನೆಯದನ್ನು ಕೇಳಿದವನು ತನ್ನ ಹೆಸರನ್ನೇ ಹೊತ್ತ ಇನ್ನಾರೊಡನೆಯೋ ವ್ಯಾಜ್ಯಕ್ಕೆ ಬೀಳುತ್ತಾನೆ. ಬಡವರ ಪಾಲಿಗೆ ಇದು ವಿಧಿಲಿಖಿತವೆಂಬಂತೆ ತೋರುತ್ತದೆ. ಆದರೆ ಇದು ವಿಧಿ ಬರೆದದ್ದಲ್ಲ. ಯಾರೋ ಒಬ್ಬರು ಕುಳಿತು ಬರೆದ ನಾಲ್ಕು ಸಾಲಿನ ಆಜ್ಞೆ. ಆ ಆಜ್ಞೆಯ ವಿಚಾರವಾಗಿ ನನಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ಓದುವ ವಿದ್ಯಾರ್ಥಿನಿಗೆ ಈ ಯಂತ್ರದ ಗೊಡವೆ ಏಕೆಂದು ಕೇಳುವವರಿದ್ದಾರೆ. ನನ್ನ ದೊಡ್ಡಪ್ಪನ ಮಗಳು ಅಕ್ಕ ದಿನವೂ ನಸುಕಿನಲ್ಲಿ ಎದ್ದು ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವಳು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಹಾಗೆ ಹೋಗಿಬರುವವರ ಸಂಖ್ಯೆ ಎಷ್ಟೆಂಬುದು ಆ ಗಾಡಿಯಲ್ಲಿ ನಿಲ್ಲಲು ಜಾಗ ಸಿಗದೆ ಒದ್ದಾಡಿದವರಿಗೆ ಗೊತ್ತು. 2001ನೇ ಇಸವಿ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯವರಿಗೆ ಭೂಮಿಯೊಳಕ್ಕೆ ಇಳಿಯುವ ಕೆಲಸ ತಪ್ಪಿತು, ಗಾಡಿ ಹತ್ತುವ ಕೆಲಸ ಉಳಿಯಿತು. ಅಕ್ಕನಿಂದಲೇ ರಜೆಯ ದಿನಗಳಲ್ಲಿ ನಾನು ಜಾವಾಸ್ಕ್ರಿಪ್ಟ್ ಎಂಬ ಯಂತ್ರಭಾಷೆಯನ್ನು ಅಷ್ಟಿಷ್ಟು ಕಲಿತೆ. ಇದು 1995ರಲ್ಲಿ ಬ್ರೆಂಡನ್ ಐಕ್ ಎಂಬುವರು ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಭಾಷೆಯಂತೆ. ಹತ್ತು ದಿನದ ಕೂಸು ಈಗ ಲೋಕವನ್ನೇ ಆಳುತ್ತಿದೆ. ಅಲ್ಲದೆ ನಮ್ಮಂಥ ಪದವೀಧರರಿಗೆ ಮೊದಲು ಸಿಗುವ ಉದ್ಯೋಗ ಯಾವುದು? ಯಾವುದೋ ಕಛೇರಿಯಲ್ಲೋ ಅಂಗಡಿಯಲ್ಲೋ ಕುಳಿತು ಜನರ ಹೆಸರು, ಊರು, ಅಂಕಿಗಳನ್ನು ಯಂತ್ರಕ್ಕೆ ಊಡುವ ಉದ್ಯೋಗ. ಊಡಿದ್ದು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂಬುದನ್ನು ತಿಳಿಯದೆ ಊಡುವುದು ಸರಿಯೆ?

ವಿಷಯಕ್ಕೆ ಬರೋಣ. ದಾಖಲೆಗಳನ್ನು ಯಂತ್ರದಲ್ಲಿ ಇಡುವ ರೀತಿಗಳು ಹಲವು. ಹಳೆಯದು ಕೋಷ್ಟಕದ ರೀತಿ: ಅಚ್ಚು ಹಾಕಿದ ಪಹಣಿಯಂತೆ ಕಲಮುಗಳು ಮೊದಲೇ ಗೊತ್ತಾಗಿರುತ್ತವೆ, ಎಲ್ಲರೂ ಅದೇ ಕಲಮುಗಳಲ್ಲಿ ತುಂಬಬೇಕು. ಇನ್ನೊಂದು ಡಾಕ್ಯುಮೆಂಟ್ ಡೇಟಾಬೇಸ್ ಎಂಬ ರೀತಿ. ಇದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಡತವಿದ್ದಂತೆ. ಒಬ್ಬನ ಕಡತದಲ್ಲಿ ಮೂರು ಹಾಳೆ ಇರಬಹುದು, ಇನ್ನೊಬ್ಬನದರಲ್ಲಿ ಮೂವತ್ತು. ಒಬ್ಬನದರಲ್ಲಿ ಜಮೀನಿನ ವಿವರ, ಇನ್ನೊಬ್ಬನದರಲ್ಲಿ ಗಣಿಯ ಸೇವೆಯ ವಿವರ. 2009ರಲ್ಲಿ ಹೊರಬಂದ ಮಾಂಗೋಡಿಬಿ ಎಂಬುದು ಈ ಜಾತಿಯಲ್ಲಿ ಬಹಳ ಬಳಕೆಯಲ್ಲಿರುವುದು. ಅದರೊಡನೆ ಮಾತನಾಡಲು ಜಾವಾಸ್ಕ್ರಿಪ್ಟೇ ಸಾಕು. ಅದೇ ವರ್ಷ ರಯಾನ್ ಡಾಲ್ ಎಂಬುವರು ನೋಡ್ ಎಂಬ ಸಲಕರಣೆಯನ್ನು ಹೊರತಂದು, ಬರಿಯ ಪುಟಗಳ ಅಲಂಕಾರಕ್ಕೆ ಮೀಸಲಾಗಿದ್ದ ಈ ಭಾಷೆಯನ್ನು ಕಛೇರಿಯ ಒಳಮನೆಗೂ ಕರೆತಂದರು.

ಒಂದು ಪಟ್ಟಿಯನ್ನು ಹೀಗೆ ಯಂತ್ರಕ್ಕೆ ಏರಿಸುವವನಿಗೆ ದಿನವೂ ಎದುರಾಗುವ ಪ್ರಶ್ನೆ ಒಂದೇ. ಕೈಯಲ್ಲಿರುವ ಈ ಮನುಷ್ಯನ ಕಡತ ಒಳಗೆ ಆಗಲೇ ಇದೆಯೋ ಇಲ್ಲವೋ? ಇದ್ದರೆ ಅದನ್ನು ತಿದ್ದಬೇಕು, ಇಲ್ಲದಿದ್ದರೆ ಹೊಸದಾಗಿ ಸೇರಿಸಬೇಕು. ಪ್ರತಿಸಲವೂ ಹುಡುಕಿ ನೋಡಿ ತೀರ್ಮಾನಿಸುವ ಶ್ರಮವನ್ನು ತಪ್ಪಿಸಲು ಜಾಣರು ಒಂದು ಆಜ್ಞೆಯನ್ನು ಮಾಡಿಟ್ಟಿದ್ದಾರೆ. ಅದರ ಹೆಸರು ಅಪ್‌ಸರ್ಟ್. ಅಪ್‌ಡೇಟ್ ಎಂಬುದರ ತಲೆಯನ್ನೂ ಇನ್ಸರ್ಟ್ ಎಂಬುದರ ಬಾಲವನ್ನೂ ಹೊಲಿದು ಮಾಡಿದ ವಿಚಿತ್ರ ಪದ. ನಮ್ಮ ಕನ್ನಡ ಅಧ್ಯಾಪಕರು ಕೇಳಿದರೆ ಇದು ಯಾವ ಸಮಾಸವೆಂದು ತಲೆ ಕೆರೆದುಕೊಳ್ಳುವರು. ಅಪ್‌ಡೇಟ್‌ಒನ್ ಎಂಬ ಆಜ್ಞೆಗೆ ಮೂರು ಭಾಗ. ಯಾರನ್ನು ಹುಡುಕಬೇಕೆಂಬ ಗುರುತು ಮೊದಲನೆಯದು. ಸಿಕ್ಕಮೇಲೆ ಏನನ್ನು ಬದಲಿಸಬೇಕೆಂಬುದು ಎರಡನೆಯದು. ಸಿಗದಿದ್ದರೆ ಹೊಸ ಕಡತವನ್ನೇ ಸೃಷ್ಟಿಸು ಎಂಬ ಅಪ್ಪಣೆ ಮೂರನೆಯದು. ಮೂರನೆಯದೇ ಅಪ್‌ಸರ್ಟ್. ಹಾಗೆ ಸೃಷ್ಟಿಯಾದ ಹೊಸ ಕಡತದಲ್ಲಿ ಮೊದಲ ಭಾಗದ ಗುರುತೂ ಎರಡನೆಯ ಭಾಗದ ವಿವರವೂ ಕೂಡಿ ಕುಳಿತಿರುತ್ತವೆ.

ಈ ಆಜ್ಞೆಯ ಉಪಯೋಗವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಒಂದೇ ಪಟ್ಟಿಯನ್ನು ಎರಡು ಸಲ ಏರಿಸಿದರೂ ಇದು ಎರಡು ಸಲ ಸೇರಿಸದು. ನಡುವೆ ಕರೆಂಟು ಹೋಗಿ (ನಮ್ಮಲ್ಲಿ ಹೋಗದಿರುವ ದಿನ ಯಾವುದು? 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ತರಿಸಿಕೊಂಡ ಊರು ನಮ್ಮದು!) ಕೆಲಸ ಅರ್ಧಕ್ಕೆ ನಿಂತರೆ, ಮೊದಲಿನಿಂದ ಮತ್ತೆ ಓಡಿಸಿದರೂ ಹಾನಿಯಿಲ್ಲ. ಇಷ್ಟು ಒಳ್ಳೆಯ ಗುಣವಿರುವುದರಿಂದಲೇ ಕಲಿಯುವವರೆಲ್ಲ ಮೊದಲ ವಾರದಲ್ಲಿಯೇ ಇದಕ್ಕೆ ಮರುಳಾಗುತ್ತಾರೆ.

ಕಷ್ಟವಿರುವುದು ಮೊದಲ ಭಾಗದಲ್ಲಿ. ಯಾರನ್ನು ಹುಡುಕಬೇಕು ಎಂಬುದಕ್ಕೆ ಯಾವ ಗುರುತನ್ನು ಕೊಡುತ್ತೇವೆಯೋ ಅದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಕೋಲಾರ ಜಿಲ್ಲೆಯಲ್ಲಿ ಮುನಿಯಪ್ಪನೆಂಬ ಹೆಸರು ಎಷ್ಟು ಹೇರಳವೆಂಬುದನ್ನು ಹೇಳಬೇಕಾಗಿಲ್ಲ. ಒಂದೇ ಹಳ್ಳಿಯಲ್ಲಿ ಇಬ್ಬರು ಮುನಿಯಪ್ಪಂದಿರು ಇದ್ದಾರೆಂದು ಇಟ್ಟುಕೊಳ್ಳೋಣ. ಹೆಸರು, ಊರು ಇವೆರಡನ್ನೇ ಗುರುತಾಗಿ ಕೊಟ್ಟು ಎರಡನೆಯ ಮುನಿಯಪ್ಪನನ್ನು ಸೇರಿಸಹೊರಟರೆ ಯಂತ್ರ ಮೊದಲನೆಯವನ ಕಡತವನ್ನು ಕಂಡು, “ಓಹೋ, ಇವನಿದ್ದಾನೆ” ಎಂದುಕೊಂಡು ಅವನ ವಿವರವನ್ನು ಅಳಿಸಿ ಇವನ ವಿವರವನ್ನು ಅಲ್ಲಿ ಬರೆದುಬಿಡುತ್ತದೆ. ಇಬ್ಬರು ಒಬ್ಬರಾದರು. ಯಂತ್ರ ಕೆಂಪು ದೀಪ ತೋರಿಸುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಒಂದು ಕಡತ ಹೊಂದಿತು, ಒಂದು ಬದಲಾಯಿತು ಎಂದು ಸಂತೋಷದಿಂದಲೇ ವರದಿ ಕೊಡುತ್ತದೆ.

ಇದಕ್ಕೆ ತಿರುಗುಮುರುಗಾದದ್ದು ಒಬ್ಬನು ಇಬ್ಬರಾಗುವುದು. ಅದೇ ಮುನಿಯಪ್ಪನು ಶಾಲೆಯ ವಹಿಯಲ್ಲಿ ಮುನಿಯಪ್ಪ, ಪಡಿತರ ಚೀಟಿಯಲ್ಲಿ ಮುನಿಯಪ್ಪ ವಿ., ಗಣಿಯ ಹಳೆಯ ಪುಸ್ತಕದಲ್ಲಿ ಮುನಿಸಾಮಿ. ಚಿನ್ನದ ಗಣಿಯ ಪ್ರದೇಶದಲ್ಲಿ ಇದು ಎಲ್ಲ ಕಡೆಗಿಂತ ಹೆಚ್ಚು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದಂದಿನಿಂದ ತಮಿಳು, ತೆಲುಗು, ಕನ್ನಡ ಆಡುವ ಜನ ಒಂದೇ ಗಣಿಗೆ ಇಳಿದರು. ಅವರ ಹೆಸರುಗಳನ್ನು ಬರೆದುಕೊಂಡ ಗುಮಾಸ್ತರು ತಮಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ನನ್ನ ತಾಯಿಯ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಅವರ ಹೆಸರಿಗೆ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳಲ್ಲಿ ನಾಲ್ಕು ರೂಪಗಳಿವೆ. ನಾಲ್ಕಕ್ಕೂ ಓಗೊಡುತ್ತಿದ್ದರೆಂದು ಅಜ್ಜಿ ನಗುತ್ತಾಳೆ. ಓಗೊಡುವ ಮನುಷ್ಯ ಒಬ್ಬನೇ ಎಂಬುದು ಯಂತ್ರಕ್ಕೆ ತಿಳಿಯುವುದು ಹೇಗೆ?

ಅಕ್ಷರಕ್ಕೆ ಅಕ್ಷರ ಸರಿಯಾಗಿದ್ದರೂ ಸಾಲದೆಂಬುದು ನನಗೆ ಬಹಳ ಆಶ್ಚರ್ಯವನ್ನುಂಟುಮಾಡಿದ ಸಂಗತಿ. ‘ಕೋಲಾರ’ ಎಂಬ ನಮ್ಮ ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳಿ. ಯೂನಿಕೋಡ್ ಪದ್ಧತಿಯಲ್ಲಿ ಮೊದಲ ಅಕ್ಷರದ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಕೋಲಾರ. ಯಂತ್ರದ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಊರುಗಳು. ಮೊದಲು ನಾರ್ಮಲೈಸ್ ಎಂಬ ಆಜ್ಞೆಯಿಂದ ಎರಡನ್ನೂ ಒಂದೇ ಅಚ್ಚಿಗೆ ತಂದುಕೊಂಡಲ್ಲದೆ ಹೋಲಿಸಬಾರದು. ಜಾವಾಸ್ಕ್ರಿಪ್ಟಿನಲ್ಲಿ ಈ ಅನುಕೂಲ 2015ರಿಂದ ಇದೆ. ಇಂಗ್ಲಿಷಿನಲ್ಲಿಯೇ ಕಲಿತು ಇಂಗ್ಲಿಷಿನಲ್ಲಿಯೇ ಪರೀಕ್ಷೆ ಮಾಡಿ ಮುಗಿಸುವವರಿಗೆ ಇದರ ಅಗತ್ಯ ಕಾಣುವುದೇ ಇಲ್ಲ. ಇನ್ನು ಯೂನಿಕೋಡಿಗೆ ಮುಂಚಿನ ಲಿಪಿಗಳಲ್ಲಿ ಬೆರಳಚ್ಚು ಮಾಡಿಟ್ಟ ಹಳೆಯ ಕನ್ನಡ ಕಡತಗಳ ಪಾಡಂತೂ ಕೇಳಲೇಬೇಡಿ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಅಕ್ಷರಗಳ ಗೋಜಲು. ಅಂಕಿಗಳಲ್ಲೂ ಇದೇ ತೊಡಕು: ಸರ್ವೆ ನಂಬರು 12 ಎಂಬುದನ್ನು ಒಬ್ಬನು ಸಂಖ್ಯೆಯಾಗಿಯೂ ಇನ್ನೊಬ್ಬನು ಬರಹವಾಗಿಯೂ ಇಟ್ಟರೆ ಮಾಂಗೋಡಿಬಿ ಅವೆರಡನ್ನೂ ಒಂದೆಂದು ಒಪ್ಪುವುದಿಲ್ಲ. ಗುರುತಿನ ಕಲಮನ್ನು ಖಾಲಿ ಬಿಟ್ಟರೆ ಇನ್ನೂ ಕೆಟ್ಟದು. ಆ ಕಲಮೇ ಇಲ್ಲದ ಯಾವುದೋ ಬಡಪಾಯಿಯ ಕಡತ ಅದಕ್ಕೆ ಹೊಂದಿಕೊಂಡು ತಿದ್ದಲ್ಪಡುತ್ತದೆ.

ಇವೆಲ್ಲ ಪಂಡಿತರ ಸೂಕ್ಷ್ಮಗಳೆಂದು ತಳ್ಳಿಹಾಕುವವರಿಗೆ ಒಂದು ಮಾತು. ಕಳೆದ ವರ್ಷ ನನ್ನ ವಿದ್ಯಾರ್ಥಿವೇತನ ಬರಲಿಲ್ಲ. ಒಂದು ಕಛೇರಿಗೆ ಹೋಗಿ ವಿಚಾರಿಸಿದಾಗ, ಒಳಗೆ ನಾನು ಇಬ್ಬರಿದ್ದೇನೆಂದು ತಿಳಿದುಬಂತು. ಪಿ.ಯು.ಸಿ. ತೇರ್ಗಡೆಯಾದವಳು ಒಬ್ಬಳು, ಬಿ.ಎ.ಗೆ ಸೇರಿದವಳು ಇನ್ನೊಬ್ಬಳು. ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರದ ವ್ಯತ್ಯಾಸ. ಪಿ.ಯು.ಸಿ.ಯವಳು ಯಾವ ಕಾಲೇಜಿಗೂ ಸೇರಿಲ್ಲ, ಬಿ.ಎ.ಯವಳು ಪಿ.ಯು.ಸಿ.ಯನ್ನೇ ಓದಿಲ್ಲ, ಇಬ್ಬರಿಗೂ ಹಣವಿಲ್ಲ. ಗುಮಾಸ್ತರು ಒಳ್ಳೆಯವರೇ. “ಇಬ್ಬರಲ್ಲಿ ನೀನು ಯಾರಮ್ಮಾ?” ಎಂದು ಕೇಳಿದರು. ಇಬ್ಬರೂ ನಾನೇ ಎಂದೆ. ಹಾಗೆ ಬರೆದುಕೊಳ್ಳಲು ಅವರ ಪರದೆಯಲ್ಲಿ ಜಾಗವಿರಲಿಲ್ಲ. ಆ ಸಲದ ಪರೀಕ್ಷೆಯ ಶುಲ್ಕವನ್ನು ಅಪ್ಪ ಹಾಲಿನ ಡೇರಿಯ ಬಟವಾಡೆಯಿಂದ ಕಟ್ಟಿದರು. ಹಸುವಿನ ಹಿಂಡಿಗೆ ಇಟ್ಟಿದ್ದ ಹಣ ಅದು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲವಾದುದರಿಂದ, ಇಂಥ ಕಾಗದವನ್ನು ಎಲ್ಲಿ ಕೊಟ್ಟು ಹೇಗೆ ಸರಿಪಡಿಸಬೇಕೆಂಬುದನ್ನು ಹೇಳಿಕೊಡುವವರೂ ಇರಲಿಲ್ಲ. ಆ ಕಛೇರಿಯ ಯಂತ್ರದಲ್ಲಿ ಯಾವ ಆಜ್ಞೆ ಬರೆದಿದ್ದರೋ ನಾನು ನೋಡಿಲ್ಲ. ಆದರೆ ಹೆಸರನ್ನು ಗುರುತಾಗಿ ನಂಬಿದಲ್ಲಿ ಹೀಗಾಗದೆ ಇನ್ನು ಹೇಗಾದೀತು?

ಇಷ್ಟಕ್ಕೂ ಈ ಪ್ರಶ್ನೆ ಯಂತ್ರದೊಡನೆ ಹುಟ್ಟಿದ್ದೇನಲ್ಲ. ನಮ್ಮ ಹಳ್ಳಿಗಳಲ್ಲಿ ಶಾನುಭೋಗರು ತಲೆತಲಾಂತರದಿಂದ ಮಾಡುತ್ತಿದ್ದ ಕೆಲಸ ಇದೇ ಅಲ್ಲವೆ? ಜಮೀನು ಕೈಬದಲಾಯಿತು, ಹಳೆಯ ನಮೂದನ್ನು ತಿದ್ದುವುದೋ, ಹೊಸ ಖಾತೆಯನ್ನು ಎಬ್ಬಿಸುವುದೋ? 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಶಾನುಭೋಗಿಕೆಯ ದೌರ್ಜನ್ಯಗಳನ್ನು ಬಲ್ಲ ಮನೆತನದವಳಾದ ನಾನು ಅದಕ್ಕಾಗಿ ಕಣ್ಣೀರು ಸುರಿಸಲಾರೆ. ಆದರೆ 1964ರ ಭೂಕಂದಾಯ ಕಾಯಿದೆಯಲ್ಲಿ ಹಕ್ಕು ಬದಲಾವಣೆಗೆ ವಿಧಿಸಿರುವ ಕ್ರಮವನ್ನು ಓದಿದಾಗ ಅದರ ವಿವೇಕಕ್ಕೆ ತಲೆದೂಗಿದೆ. ಯಾರಾದರೂ ಹಕ್ಕು ಪಡೆದರೆ ಮೊದಲು ವರದಿಯಾಗಬೇಕು. ವರದಿ ಹಕ್ಕು ಬದಲಾವಣೆಯ ವಹಿಗೆ ಏರಬೇಕು. ಸಂಬಂಧಪಟ್ಟವರಿಗೆ ನೋಟೀಸು ಹೋಗಬೇಕು. ಆಕ್ಷೇಪಣೆ ಬಂದರೆ ತಕರಾರಿನ ವಹಿಯಲ್ಲಿ ಬರೆದು ವಿಚಾರಣೆ ನಡೆಸಬೇಕು. ಅಧಿಕಾರಿ ದೃಢೀಕರಿಸಿದ ಮೇಲೆಯೇ ಪಹಣಿ ಬದಲಾಗತಕ್ಕದ್ದು. ಬದಲಾದ ಪಹಣಿಯಲ್ಲಿಯೂ ಇದು ಯಾವ ಎಂ.ಆರ್. ನಂಬರಿನಿಂದ, ಯಾವ ವರ್ಷ ಬದಲಾಯಿತೆಂಬ ಗುರುತು ಉಳಿಯುತ್ತದೆ. ಇಷ್ಟು ಜೋಕೆ ಏಕೆಂದರೆ, ಒಮ್ಮೆ ಏರಿದ ನಮೂದನ್ನು, ಸುಳ್ಳೆಂದು ರುಜುವಾತಾಗುವವರೆಗೆ ಅಥವಾ ಕ್ರಮವಾಗಿ ಹೊಸ ನಮೂದು ಬರುವವರೆಗೆ, ಕಾನೂನು ನಿಜವೆಂದೇ ಭಾವಿಸುತ್ತದೆ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಇಡೀ ದೇಶವೇ ತಿರುಗಿ ನೋಡಿದ ಕಾರ್ಯ ಅದು. ಅದನ್ನು ನಡೆಸಿದವರು ಮಾಡಿದ ದೊಡ್ಡ ಕೆಲಸವೆಂದರೆ, ನನ್ನ ಅಭಿಪ್ರಾಯದಲ್ಲಿ, ಅಚ್ಚುಕಟ್ಟಾದ ಮುದ್ರಣವಲ್ಲ. ಬಂದ ಅರ್ಜಿಗಳು ಬಂದ ಸರದಿಯಲ್ಲಿಯೇ ಹೋಗಬೇಕೆಂಬ ಕಟ್ಟಳೆಯನ್ನೂ, ನಮೂದು ಮಾಡಿದವನು ತನ್ನ ಬೆರಳಿನ ಗುರುತಿನಿಂದಲೇ ಒಳಹೋಗಬೇಕೆಂಬ ಕಟ್ಟಳೆಯನ್ನೂ ಯಂತ್ರದೊಳಗೇ ಕಟ್ಟಿಟ್ಟದ್ದು. ಯಾರು ಬರೆದರೆಂಬುದು ಅಲ್ಲಿ ಉಳಿಯುತ್ತದೆ. ಆದರೂ ಕೈಬರಹದ ಕಾಗದದಿಂದ ಯಂತ್ರಕ್ಕೆ ಏರುವಾಗ ತಪ್ಪಿದ ಒಂದು ಅಕ್ಷರ, ಒಂದು ಗುಂಟೆಯನ್ನು ಸರಿಪಡಿಸಿಕೊಳ್ಳಲು ತಾಲ್ಲೂಕು ಕಛೇರಿಗೆ ಅಲೆದವರು ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಏರಿಸುವುದಕ್ಕೆ ಒಂದು ನಿಮಿಷ, ಇಳಿಸುವುದಕ್ಕೆ ಒಂದು ವರುಷ.

ಮೇಲೆ ಹೇಳಿದ ಕ್ರಮವನ್ನೂ ಅಪ್‌ಸರ್ಟ್ ಆಜ್ಞೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ವರದಿ, ನೋಟೀಸು, ಕಾಯುವಿಕೆ, ಆಕ್ಷೇಪಣೆ, ದೃಢೀಕರಣ; ಇಲ್ಲಿ ಒಂದೇ ಉಸಿರಿನ ತೀರ್ಪು. ಅಲ್ಲಿ ಹಳೆಯದು ಉಳಿದು ಹೊಸದು ಅದರ ಕೆಳಗೆ ಬರುತ್ತದೆ. ಇಲ್ಲಿ ಹಳೆಯದರ ಮೇಲೆಯೇ ಹೊಸದು ಕುಳಿತುಕೊಳ್ಳುತ್ತದೆ. ರಿಪ್ಲೇಸ್‌ಒನ್ ಎಂಬ ಅದರ ಸೋದರನಂತೂ ಗುರುತಿನ ಸಂಖ್ಯೆಯೊಂದನ್ನು ಬಿಟ್ಟು ಕಡತದ ಉಳಿದೆಲ್ಲ ಹಾಳೆಗಳನ್ನೂ ಕಿತ್ತುಹಾಕಿ, ಕೊಟ್ಟಷ್ಟನ್ನೇ ಇಡುತ್ತಾನೆ. ಮೂವತ್ತು ಹಾಳೆಯ ಸೇವಾ ಕಡತಕ್ಕೆ ಬದಲಾಗಿ ಹೊಸ ದೂರವಾಣಿ ಸಂಖ್ಯೆಯ ಒಂದು ಹಾಳೆ!

ಊರುಗಳ ಹೆಸರೂ ಸ್ಥಿರವಲ್ಲವೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆಯಾಗಿತ್ತು, ಮೈಸೂರಿನ ಕಮೀಷನರಾಗಿದ್ದ ಬೌರಿಂಗರ ಹೆಸರಿನಲ್ಲಿ. 2018ರಲ್ಲಿ ಬಂಗಾರಪೇಟೆ ತಾಲ್ಲೂಕಿನಿಂದ ಕೆ.ಜಿ.ಎಫ್. ಬೇರೆ ತಾಲ್ಲೂಕಾಯಿತು. ತಾಲ್ಲೂಕಿನ ಹೆಸರು, ಹಳ್ಳಿಯ ಹೆಸರು, ಸರ್ವೆ ನಂಬರು ಇವನ್ನೇ ಗುರುತಾಗಿ ಇಟ್ಟುಕೊಂಡ ಒಂದು ಪಟ್ಟಿಯನ್ನು ಊಹಿಸಿಕೊಳ್ಳಿ. ವಿಭಜನೆಯ ಮರುದಿನ ಹೊಸ ತಾಲ್ಲೂಕಿನ ಹೆಸರಿನಲ್ಲಿ ಅಪ್‌ಸರ್ಟ್ ಮಾಡಿದರೆ ಏನಾಗುತ್ತದೆ? ಒಂದು ಹಳ್ಳಿಯೂ ಸಿಗುವುದಿಲ್ಲ. ಎಲ್ಲವೂ ಹೊಸದಾಗಿ ಹುಟ್ಟುತ್ತವೆ. ಹಳೆಯವೂ ಹಾಗೆಯೇ ಇರುತ್ತವೆ. ಒಂದೇ ಹೊಲ ಎರಡು ತಾಲ್ಲೂಕುಗಳಲ್ಲಿ ಬೆಳೆ ಬೆಳೆಯತೊಡಗುತ್ತದೆ. ಮಳೆಯೇ ಅಪರೂಪವಾದ ನಮ್ಮ ಸೀಮೆಯಲ್ಲಿ ಇದೊಂದು ಪವಾಡವೆನ್ನಬಹುದು.

“ಇಷ್ಟೆಲ್ಲ ಪಾಡೇಕೆ? ಆಧಾರ್ ಸಂಖ್ಯೆಯನ್ನೇ ಎಲ್ಲಕ್ಕೂ ಗುರುತಾಗಿ ಇಟ್ಟರೆ ಮುಗಿಯಿತಲ್ಲ” ಎಂದು ನನ್ನ ಸಹಪಾಠಿಗಳು ವಾದಿಸುತ್ತಾರೆ. 2010ರಿಂದ ಕೊಡಲಾಗುತ್ತಿರುವ ಈ 12 ಅಂಕಿಗಳು ಹೆಸರಿನ ಗೊಂದಲವನ್ನು ಬಹುಮಟ್ಟಿಗೆ ಕಡಿಮೆ ಮಾಡಿರುವುದನ್ನು ಒಪ್ಪತಕ್ಕದ್ದೇ. ಆದರೆ ಸತ್ತವರಿಗೆ ಆಧಾರ್ ಎಲ್ಲಿಂದ ತರೋಣ? 2024ರಲ್ಲಿ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ, ಎಷ್ಟೋ ಕಾಲದ ಹಿಂದೆ ತೀರಿಕೊಂಡವರ ಹೆಸರಿನಲ್ಲಿಯೇ ಪಹಣಿಗಳು ನಿಂತಿರುವುದು ರಾಜ್ಯದುದ್ದಕ್ಕೂ ಕಂಡುಬಂತು. ನಮ್ಮ ಮನೆಯ ಒಂದೂ ಕಾಲು ಎಕರೆ ಇನ್ನೂ ನನ್ನ ಮುತ್ತಾತನ ಹೆಸರಿನಲ್ಲಿದೆ. ಪೌತಿ ಖಾತೆಗೆ ಮರಣದ ದಾಖಲೆ ಬೇಕು, ವಂಶವೃಕ್ಷ ಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಮುತ್ತಾತ ಸತ್ತ ವರ್ಷವನ್ನು ಅಜ್ಜಿ ಬರಗಾಲದಿಂದ ಎಣಿಸಿ ಹೇಳುತ್ತಾಳೆ. ಇಲ್ಲಿ ಹನ್ನೆರಡು ಅಂಕಿ ಏನು ಮಾಡೀತು?

ಇನ್ನೊಂದು ಭಯವೂ ಇದೆ. ಒಂದೇ ಬೀಗದಕೈ ಮನೆಯ ಎಲ್ಲ ಕೋಣೆಗಳಿಗೂ ಆದರೆ ಕಳ್ಳನಿಗೂ ಅನುಕೂಲ, ಯಜಮಾನನಿಗೂ ಅನುಕೂಲ. ಯಜಮಾನನ ಅನುಕೂಲ ಆಳಿನ ಅನುಕೂಲವೇ ಆಗಬೇಕೆಂದಿಲ್ಲ. 1930ರಲ್ಲಿ ನಮ್ಮ ಚಿನ್ನದ ಗಣಿಯ ಕೂಲಿಗಾರರು ಹೂಡಿದ ಮುಷ್ಕರಕ್ಕೆ, ಬೆರಳಚ್ಚು ಪಡೆದು ಕೆಲಸಗಾರರನ್ನು ನೋಂದಾಯಿಸಿಕೊಳ್ಳುವ ಏರ್ಪಾಟೇ ಒಂದು ಮುಖ್ಯ ಕಾರಣವಾಗಿತ್ತು. ಅಕ್ಷರ ಬಾರದ ಆ ಜನ, ತಮ್ಮ ಬೆರಳು ಒಮ್ಮೆ ಕಂಪನಿಯ ವಹಿಯಲ್ಲಿ ಒತ್ತಿಬಿಟ್ಟರೆ ಅದು ತಮ್ಮನ್ನು ಎಲ್ಲಿಗೂ ಬಿಡದೆ ಹಿಂಬಾಲಿಸುತ್ತದೆಂಬುದನ್ನು ಕಂಡುಕೊಂಡಿದ್ದರು. ಎಂಬತ್ತೇಳು ವರ್ಷಗಳ ತರುವಾಯ, 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಗಣಿಯವರು ಅದನ್ನು ಬೇರೆ ಮಾತಿನಲ್ಲಿ ಮೊದಲೇ ಹೇಳಿದ್ದರೆಂದು ಹೆಮ್ಮೆಪಟ್ಟುಕೊಳ್ಳುವ ಹಕ್ಕು ನಮ್ಮೂರಿನವರಿಗೆ ಇದೆ.

ಹಾಗಾದರೆ ಮಾಡತಕ್ಕದ್ದೇನು? ಅಪ್‌ಸರ್ಟ್ ಆಜ್ಞೆಯನ್ನು ಬಹಿಷ್ಕರಿಸಬೇಕೆಂದು ನಾನು ಹೇಳುವುದಿಲ್ಲ. ಅಂಗಡಿಯ ಸಾಮಾನಿನ ದಾಸ್ತಾನು, ರೈಲಿನ ವೇಳಾಪಟ್ಟಿ, ಇಂಥವಕ್ಕೆ ಅದನ್ನು ಧಾರಾಳವಾಗಿ ಬಳಸಲಿ. ಅಕ್ಕಿಮೂಟೆ ತನ್ನ ಹೆಸರು ತಪ್ಪಾಯಿತೆಂದು ಅಳುವುದಿಲ್ಲ. ಮನುಷ್ಯರ ವಿಚಾರದಲ್ಲಿ ಮಾತ್ರ, ಹೆಸರನ್ನು ಗುರುತಾಗಿಟ್ಟು ಅಪ್‌ಸರ್ಟ್ ಮಾಡಕೂಡದೆಂಬುದು ನನ್ನ ಖಚಿತವಾದ ಅಭಿಮತ. ಆ ಕಛೇರಿಯೇ ಕೊಟ್ಟ, ಬದಲಾಗದ, ಬೇರೆಲ್ಲಿಯೂ ಕೆಲಸಕ್ಕೆ ಬಾರದ ಒಂದು ಸಂಖ್ಯೆ ಗುರುತಾಗಿರಲಿ. ಅದೇ ಸಂಖ್ಯೆಯ ಎರಡನೆಯ ಕಡತ ಹುಟ್ಟದಂತೆ ಯಂತ್ರದಲ್ಲಿಯೇ ಯುನೀಕ್ ಇಂಡೆಕ್ಸ್ ಎಂಬ ಕಾವಲನ್ನು ಹಾಕಬೇಕು. ಇದಿಲ್ಲದಿದ್ದರೆ ಎರಡು ಕಿಟಕಿಗಳಲ್ಲಿ ಕುಳಿತ ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದಾಗ, ಇಬ್ಬರಿಗೂ “ಇಲ್ಲ” ಎಂದು ತೋರಿ, ಇಬ್ಬರೂ ಸೇರಿಸಿ, ಎರಡು ಕಡತ ಹುಟ್ಟುವುದುಂಟು. ಮೊದಲ ಸಲ ಸೇರಿದ ದಿನಾಂಕವನ್ನು ಸೆಟ್‌ಆನ್‌ಇನ್ಸರ್ಟ್ ಎಂಬ ಅಂಗದಲ್ಲಿ ಇಟ್ಟರೆ ಅದು ಹುಟ್ಟಿದ ಗಳಿಗೆಯಲ್ಲಿ ಮಾತ್ರ ಬರೆಯಲ್ಪಟ್ಟು ಮುಂದಿನ ತಿದ್ದುಪಡಿಗಳಿಂದ ಮಾಸದು. ಬದಲಿಸುವ ಪ್ರತಿ ವಿವರದ ಹಳೆಯ ರೂಪವನ್ನೂ, ಬದಲಿಸಿದವರು ಯಾರು, ಯಾವ ಕಾಗದದ ಆಧಾರದ ಮೇಲೆ ಎಂಬುದನ್ನೂ ಪುಷ್ ಎಂಬ ಅಂಗದಿಂದ ಅದೇ ಕಡತದ ಕೊನೆಗೆ ಪೋಣಿಸುತ್ತ ಹೋಗಬಹುದು. ಎಂ.ಆರ್. ನಂಬರು ಮಾಡುತ್ತಿದ್ದುದು ಇದನ್ನೇ. ಕೋಷ್ಟಕಕ್ಕಿಂತ ಕಡತದ ರೀತಿಯಲ್ಲಿ ಈ ಅನುಕೂಲ ಹೆಚ್ಚು; ಹಾಳೆ ಸೇರಿಸಲು ಯಾರ ಅಪ್ಪಣೆಯೂ ಬೇಡ. ಒಂದು ಕಡತ 16 ಮೆಗಾಬೈಟು ಮೀರಬಾರದೆಂಬ ಮಿತಿಯುಂಟು, ನಿಜ. ಒಬ್ಬ ಬಡವನ ಬಾಳಿನ ತಿದ್ದುಪಡಿಗಳೆಲ್ಲ ಅದರಲ್ಲಿ ಧಾರಾಳವಾಗಿ ಹಿಡಿಸುತ್ತವೆ.

ಸಂಖ್ಯೆ ಸಿಗದೆ ಹೆಸರು ಮಾತ್ರ ಹೋಲುವಲ್ಲಿ? ಅಲ್ಲಿ ಯಂತ್ರ ತಿದ್ದಲೂ ಬಾರದು, ಸೇರಿಸಲೂ ಬಾರದು. ಹೋಲುವ ಕಡತಗಳನ್ನು ಒಂದು ಬೇರೆ ಪಟ್ಟಿಯಲ್ಲಿ ಇಟ್ಟು, ಆ ಜನರನ್ನೇ ಕರೆದು ಕೇಳಬೇಕು. ತಕರಾರಿನ ವಹಿ ಎಂದು ಅದನ್ನು ಕರೆದರೂ ಆದೀತು. ಇದರಿಂದ ಕೆಲಸ ನಿಧಾನವಾಗುವುದೆಂಬ ಆಕ್ಷೇಪಕ್ಕೆ ನನ್ನ ಉತ್ತರ ಚಿಕ್ಕದು: ನನ್ನ ವಿದ್ಯಾರ್ಥಿವೇತನದ ಎರಡು ಕಡತಗಳು ಒಂದಾಗಲು ಏಳು ತಿಂಗಳಾಯಿತು. ಮೊದಲೇ ಕರೆದು ಕೇಳಿದ್ದರೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕೆಂಬ ಮಾತು ಈ ವರ್ಷ ಕೇಳಿಬರುತ್ತಿದೆ. ಗುರುಗಳಲ್ಲಿ ನನ್ನ ಸವಿನಯ ವಿಜ್ಞಾಪನೆ ಇಷ್ಟೇ. ಪ್ರವೇಶದ ವರ್ಷ ಮತ್ತು ಪ್ರವೇಶ ವಹಿಯ ಕ್ರಮಾಂಕ, ಇವೆರಡೂ ಕೂಡಿ ಗುರುತಾಗಲಿ. ವಹಿಯಲ್ಲಿ ಹೆಸರು ಹೇಗೆ ಬರೆದಿದೆಯೋ ಹಾಗೆಯೇ ಒಂದು ಕಲಮಿನಲ್ಲಿ ಬರಲಿ, ತಪ್ಪೆಂದು ತೋರಿದರೂ ತಿದ್ದುವುದು ಬೇಡ. ವಿದ್ಯಾರ್ಥಿ ತನ್ನ ಹೆಸರನ್ನು ತಾನು ಬರೆಯುವ ರೀತಿ ಎರಡನೆಯ ಕಲಮಿನಲ್ಲಿ ಬರಲಿ. ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಮನೆಯವರು ಕರೆಯುವ ಬೇರೆ ರೂಪಗಳಿದ್ದರೆ ಅವಕ್ಕೂ ಜಾಗವಿರಲಿ. ಮಸಿ ಹರಡಿ ಓದಲಾಗದ ಪುಟಗಳನ್ನು ಊಹೆಯಿಂದ ತುಂಬದೆ ಹಾಗೆಂದೇ ಗುರುತು ಹಾಕಿಡಬೇಕು. ಪರೀಕ್ಷೆ ಮುಗಿದ ಮೇಲೆ ಈ ಕೆಲಸಕ್ಕೆ ದಿನಕ್ಕೆ ಎರಡು ಗಂಟೆ ಬಂದು ಕೂರಲು ನಾನೂ ನನ್ನ ಇಬ್ಬರು ಗೆಳತಿಯರೂ ಸಿದ್ಧರಿದ್ದೇವೆ. ಬೀರುವಿನ ಬೀಗದಕೈ ಯಾರಲ್ಲಿದೆಯೆಂದು ತಿಳಿಸಿದರೆ ಸಾಕು.